ಕಂಬಳಿಯೊಳಗಿನ ನೀಲಿ

"ತಲೆ ಇನ್ನಷ್ಟು ಒಳಗೆ ಹಾಕು ಕಾವ್ಯ, ಬಿಸ್ಲು ನುಗ್ತಾ ಐತೆ," ಎಂದು ರಂಗೇಶ್ ಕಂಬಳಿಯ ಅಂಚನ್ನು ತಂಗಿಯ ಬೆನ್ನ ಮೇಲಕ್ಕೆ ಎಳೆದು ಬಿಗಿಹಿಡಿದ.

ಹೊರಗೆ ಶ್ರೀರಾಂಪುರದ ಕುರಿ ಸಂತೆ, ಹನ್ನೊಂದು ಗಂಟೆಯ ಬಿಸಿಲು. ಒಳಗೆ ಕರಿ ಕಂಬಳಿಯ ಕತ್ತಲು, ಉಚ್ಚೆಯ ಘಾಟು, ಹೆದರಿದ ಕುರಿಯ ಬಿಸಿಯುಸಿರು. ಕಾವ್ಯಶ್ರೀ ಮಂಡಿಯೂರಿ ಕೂತು ಟಾರ್ಚಿನ ಗುಂಡಿ ಒತ್ತಿದಳು. ಅದು ಮನೆಯಲ್ಲಿಟ್ಟುಕೊಳ್ಳುವ ಟಾರ್ಚಲ್ಲ, ಅವಳು ಸಂಶೋಧನೆ ಮಾಡುವ ದುರ್ಗದ ಕಾಲೇಜಿನ ಲ್ಯಾಬಿನದು. ಅದರ ನೇರಳೆ ಬೆಳಕು ಕಣ್ಣಿಗೆ ಅಷ್ಟಾಗಿ ಕಾಣುವುದಿಲ್ಲ. ಆದರೆ ಅದು ತಾಗಿದ ಕಡೆ ತಕ್ಕ ವಸ್ತುವಿದ್ದರೆ ಆ ವಸ್ತುವೇ ಹೊತ್ತಿಕೊಂಡು ಬೆಳಗುತ್ತದೆ. ಬೆಳಗಿನಿಂದ ಅರವತ್ತು ಕುರಿಗಳ ಮೇಲೆ ಬಿಟ್ಟು ನೋಡಿದ್ದಾಗಿತ್ತು. ಅರವತ್ತರ ಉಣ್ಣೆಯೂ ನೀರುಮಜ್ಜಿಗೆಯ ಹಾಗೆ ಮಂಕಾಗಿ ಕಂಡಿತ್ತು. ಈ ಕುರಿ ಮಾತ್ರ ಹೊತ್ತಿಕೊಂಡಿತು.

ನೀಲಿ, ಅಚ್ಚ ನೀಲಿ. ಆ ಗಳಿಗೆಯಲ್ಲಿ ಅವಳಿಗೆ ಆಸ್ಪತ್ರೆಯಲ್ಲಿ ಮಲಗಿದ್ದ ಅಪ್ಪ ನೆನಪಾಗಲಿಲ್ಲ, ಕಳ್ಳರೂ ನೆನಪಾಗಲಿಲ್ಲ. ನಲವತ್ತು ದಿನ! ಬಿಸಿಲು, ಎರಡು ಮಳೆ, ಜಾಲಿ ಮುಳ್ಳು, ಧೂಳು ಎಲ್ಲವನ್ನೂ ತಿಂದು ಇನ್ನೂ ಬೆಳಗುತ್ತಿದೆಯಲ್ಲ ಎಂದು ಎದೆ ಕುಣಿಯಿತು. ಹೇಳಿಕೊಳ್ಳಲು ನಾಚಿಕೆಗೇಡು, ಆದರೆ ಆದದ್ದು ಹಾಗೆಯೇ.

ಮೊಬೈಲು, ಟೀವಿಗಳ ಪರದೆಯಲ್ಲಿ ತಾನೇ ತಾನಾಗಿ ಬೆಳಕು ಕೊಡುವ ಪುಡಿಗಳನ್ನು ತಯಾರಿಸುವುದು ಅವಳ ಸಂಶೋಧನೆ. ಅದರಲ್ಲಿ ಕೆಂಪು, ಹಸಿರು ಹೇಗೋ ಒಲಿಯುತ್ತವೆ. ನೀಲಿ ಮಾತ್ರ ಶುದ್ಧ ಹಟಮಾರಿ. ಹೊತ್ತಿದ ಗಳಿಗೆಯಿಂದಲೇ ಸಾಯತೊಡಗುತ್ತದೆ. "ನಿನ್ನ ನೀಲಿ ಮದುವೆಮನೆ ಸೀರಿಯಲ್ ಸೆಟ್ ಕಣಮ್ಮ, ಬೀಗರು ಊಟ ಮಾಡಿ ಏಳೋತನಕ ಉರಿದರೆ ಪುಣ್ಯ," ಎಂದು ಅವಳ ಗೈಡು ಅನುಸೂಯ ಮೇಡಂ ನಗುತ್ತಿದ್ದರು. ನಾಲ್ಕು ವರ್ಷದಲ್ಲಿ ಮೂವತ್ತಾರು ನೀಲಿಗಳು ಹಾಗೆ ಸತ್ತವು. ಮೂವತ್ತೇಳನೆಯದರ ಗುಣವೇ ಬೇರೆ. ದಪ್ಪಗೆ ಬಳಿದರೆ ಮಂಕು, ಬೇರೊಂದು ವಸ್ತುವಿನಲ್ಲಿ ಚಿಟಿಕೆಯಷ್ಟು ಬೆರೆಸಿದರೆ ಪ್ರಖರ. ಸವರಿದ್ದೋ ಇಲ್ಲವೋ ಎನ್ನುವಷ್ಟಿದ್ದರೆ ಇನ್ನೂ ಪ್ರಖರ.

ಅದೇ ಹೊತ್ತಿಗೆ ಸುತ್ತಲಿನ ಹಟ್ಟಿಗಳಲ್ಲಿ ಕುರಿಗಳ್ಳರ ಕಾಟ ಶುರುವಾಗಿತ್ತು. ಗಾಡಿ ತಂದು ಮಂದೆಗೆ ಮಂದೆಯನ್ನೇ ತುಂಬಿಕೊಂಡು ಹೋಗುತ್ತಿದ್ದರು. ಸ್ಟೇಷನ್ನಿಗೆ ಹೋದರೆ, "ನಿಮ್ಮ ಕುರಿ ಅನ್ನಾಕೆ ಗುರುತೇನೈತ್ರಿ?" ಎಂದು ಕೇಳುತ್ತಿದ್ದರು. ಪುಡಿಯ ಒಂದು ಚೂರೂ ಲ್ಯಾಬಿನ ಹೊಸ್ತಿಲು ದಾಟಕೂಡದು ಎಂಬುದು ಮೇಡಂ ಕಟ್ಟಪ್ಪಣೆ. ಆದರೂ ನಲವತ್ತು ದಿನದ ಕೆಳಗೆ ಕಾವ್ಯಶ್ರೀ ಒಂದು ಸಣ್ಣ ಸೀಸೆ ತುಂಬಿಕೊಂಡು ಹಟ್ಟಿಗೆ ಬಂದಳು. ಅಂಟಿನಲ್ಲಿ ಕಲಸಿ ಬಳಿಯೋಣವೆಂದರೆ ಅಪ್ಪ ಉಗ್ರಪ್ಪ ಸುತರಾಂ ಒಪ್ಪಲಿಲ್ಲ. "ಕುರಿಗೆ ಬಣ್ಣ ಬಳಿಯೋದು ಕಟುಕ್ರು ಕಣವ್ವ. ನಮ್ಮ ಕುರಿ ದೇವ್ರು ಜುಂಜಪ್ಪನವು. ಹರಳೆಣ್ಣೆ ಬಿಟ್ರೆ ಬ್ಯಾರೆ ಏನೂ ಮುಟ್ಟಿಸಂಗಿಲ್ಲ," ಎಂದ. ಓದಿದ ಹುಡುಗಿ, ಎಣ್ಣೆ ಒಣಗುವುದಿಲ್ಲ, ಒರೆಸಿಕೊಂಡು ಹೋಗುತ್ತದೆ ಎಂದು ಗೊತ್ತಿತ್ತು. ಆದರೂ ಅಪ್ಪನ ಮುಖ ನೋಡಿ ಹರಳೆಣ್ಣೆಯಲ್ಲೇ ಕಲಸಿದಳು. ಎರಡು ಬೆರಳಲ್ಲಿ ಅದ್ದಿ, ಪ್ರತಿ ಕುರಿಯ ಬಲಗಿವಿಯ ಹಿಂದೆ ಒಂದೊಂದು ಬೊಟ್ಟು. ಮಿಕ್ಕ ಎಣ್ಣೆಯನ್ನು ಹಬ್ಬದ ದಿನ ಮಾಡುವ ಹಾಗೆ ರಂಗೇಶ್ ಅಂಗೈಗೆ, ಮೀಸೆಗೆ ತಿಕ್ಕಿಕೊಂಡ. ಕುರಿಗೆ ಹಚ್ಚಿ ಉಳಿದ ಎಣ್ಣೆ ಕಾಯುವವನಿಗೆ ಎಂಬುದು ಅವರ ಮನೆಯ ವಾಡಿಕೆ.

ಆರು ದಿನದ ಕೆಳಗೆ ಕಳ್ಳರು ಅವರ ಮಂದೆಗೇ ಬಂದರು. ತಡೆಯಲು ಹೋದ ಉಗ್ರಪ್ಪನ ತಲೆಗೆ ಕಲ್ಲು ಎತ್ತಿಹಾಕಿ, ಮೂವತ್ತೆರಡು ಕುರಿ ತುಂಬಿಕೊಂಡು ಹೋದರು. ಈಗ ಅವನು ದುರ್ಗದ ಆಸ್ಪತ್ರೆಯಲ್ಲಿ ಒಂದು ಕಣ್ಣು ಮಾತ್ರ ತೆರೆದು ಸೂರು ನೋಡುತ್ತಾನೆ. ಮಗಳು ಹೋಗಿ "ಅಪ್ಪ" ಎಂದರೆ ಅವಳ ಕಡೆ ಹೊರಳುವುದಿಲ್ಲ. ರಂಗೇಶ್ ಆರು ದಿನದಿಂದ ಸರಿಯಾಗಿ ಉಂಡಿಲ್ಲ. ಹಟ್ಟಿಯ ಏಳು ಜನರನ್ನು ಕಟ್ಟಿಕೊಂಡು, ತಂಗಿಯನ್ನು ಟಾರ್ಚಿನ ಸಮೇತ ಕರೆದುಕೊಂಡು ಸಂತೆಯಿಂದ ಸಂತೆಗೆ ಅಲೆಯುತ್ತಿದ್ದಾನೆ. "ಸಿಕ್ಲಿ, ಅಲ್ಲೇ ಮುಗಿಸ್ತೀನಿ," ಎನ್ನುವುದೊಂದೇ ಮಾತು.

ಕಂಬಳಿಯೊಳಗೆ ಕಾವ್ಯಶ್ರೀ ಟಾರ್ಚನ್ನು ಕುರಿಯ ಕಿವಿಯ ಹಿಂದಕ್ಕೆ ತಂದಳು. ಅಲ್ಲಿ ಏನೂ ಇರಲಿಲ್ಲ.

ಬೆಳಗುತ್ತಿದ್ದದ್ದು ಪಕ್ಕೆ. ಭುಜದಿಂದ ತೊಡೆಯವರೆಗೆ ಅಡ್ಡಡ್ಡ ಗೆರೆ, ಅವನ್ನು ಕತ್ತರಿಸಿಕೊಂಡು ಹೋಗುವ ಓರೆ ಗೆರೆ. ಚೌಕ ಚೌಕವಾಗಿ ಬಲೆಯ ಅಚ್ಚು. ಕುರಿ ಮಂದೆಯ ಮನೆಯಲ್ಲಿ ಹುಟ್ಟಿದವಳಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಾಲುರಾಮೇಶ್ವರದ ದಾರಿಯಲ್ಲಿ ದಾಸಣ್ಣ ಎಂಬವರ ತೆಂಗಿನ ತೋಟವಿದೆ. ಗೊಬ್ಬರಕ್ಕೆಂದು ಅವರು ಕುರಿ ಮಂದೆ ಕರೆಸಿ ತೋಟದಲ್ಲಿ ತಂಗಿಸುತ್ತಾರೆ. ಸುತ್ತ ಕಟ್ಟುವ ಬಲೆ ಅವರದೇ. ಎಣ್ಣೆ ಹಚ್ಚಿದ ಮೂರನೆಯ ದಿನ ರಂಗೇಶನ ಮಂದೆ ಅಲ್ಲಿತ್ತು. ಆಮೇಲೆ ಇನ್ಯಾರದೋ ಮಂದೆ ಅದೇ ಬಲೆಯೊಳಗೆ ತಂಗಿ, ಅದಕ್ಕೆ ಮೈ ಉಜ್ಜಿಕೊಂಡಿದೆ. ಈ ಕುರಿ ಕದ್ದದ್ದಲ್ಲ.

ದಾಸಣ್ಣನ ತೋಟದ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಅವಳಿಗೆ ಅದು ಗೊತ್ತಿತ್ತು, ಅದನ್ನು ಈ ಕಥೆಯಲ್ಲಿ ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಆದರೆ ಹೊರಗೆ ಏಳು ಜನ ಉಸಿರು ಬಿಗಿಹಿಡಿದು ನಿಂತಿದ್ದರು. ಆರು ದಿನದಲ್ಲಿ ಮೊದಲ ಸಲ ಅವಳ ನೀಲಿ ಸಿಕ್ಕಿತ್ತು. 'ಮೊದಲು ಬೆಳಗಿತು ಅಂತ ಹೇಳೋಣ, ಮಿಕ್ಕದ್ದು ಆಮೇಲೆ' ಎಂದು ಮನಸ್ಸು ಜಾರಿತು. ಕಂಬಳಿಯಿಂದ ತಲೆ ಹೊರಗೆ ತೆಗೆದಳು.

"ಏನವ್ವ?" ಎಂದ ರಂಗೇಶ್.

"ಹೊಳೀತೈತೆ," ಎಂದಳು.

ಕುರಿಯ ಒಡೆಯ ತಿಮ್ಮರಾಯಪ್ಪ ಹಿರಿಯೂರು ಕಡೆಯ ಕುರುಬ, ಐವತ್ತೈದು ದಾಟಿದ ಕಡ್ಡಿ ಆಳು. ಹನ್ನೆರಡು ಕುರಿಗಳನ್ನು ಹಗ್ಗಕ್ಕೆ ಪೋಣಿಸಿಕೊಂಡು ಹೆಂಡತಿ ಕಾಳಕ್ಕನ ಜೊತೆ ಬೇವಿನ ಮರದಡಿ ನಿಂತಿದ್ದ. ಇವರು ಕೇಳಿದಾಗ ಬೇರೆಯವರಂತೆ ಜಗಳಕ್ಕೂ ಬಂದಿರಲಿಲ್ಲ. "ನೋಡ್ರಪ್ಪ, ಧಾರಾಳ್ವಾಗಿ ನೋಡ್ರಿ. ಕದ್ದೋನಲ್ಲ ನಾನು. ಉಗ್ರಪ್ಪಣ್ಣಂಗೆ ಹಿಂಗಾತು ಅಂತ ಕೇಳ್ದೆ, ಹೆಂಗವ್ರೆ ಈಗ?" ಎಂದು ತಾನೇ ಕುರಿಯ ಕುತ್ತಿಗೆ ಹಿಡಿದುಕೊಟ್ಟಿದ್ದ.

ರಂಗೇಶ್ ಟಾರ್ಚು ಕಸಿದುಕೊಂಡು ಕಂಬಳಿಯೊಳಗೆ ನುಗ್ಗಿದ. ಹೊರಗೆ ಬಂದಾಗ ಅವನ ಮುಖದಲ್ಲಿ ರಕ್ತವಿರಲಿಲ್ಲ. ಅವನ ಹಿಂದೆ ಚಿಕ್ಕಪ್ಪನ ಮಗ ಹನುಮೇಶ್ ತಲೆ ಹಾಕಿದ. ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ. ಹೊರಬಂದ ಪ್ರತಿಯೊಬ್ಬನೂ ಕೈಗೆ ಕೋಲು ತೆಗೆದುಕೊಂಡ. ಬಲೆಯ ಅಚ್ಚನ್ನು ಅವರೂ ನೋಡಿದ್ದರು. ಬಲೆ ಎಂದು ಹೊಳೆಯುವಷ್ಟು ಸಮಾಧಾನ ಅವರಲ್ಲಿ ಯಾರಿಗೂ ಇರಲಿಲ್ಲ. ಸಂತೆಯ ಜನ ವ್ಯಾಪಾರ ಬಿಟ್ಟು ಸುತ್ತುಗಟ್ಟಿದರು. "ನಾವು ಕೇಳೋಕೆ ಮುಂಚೇನೆ ಕದ್ದೋನಲ್ಲ ಅಂದ ನೋಡ್ರಿ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕಂಡ್ನಂತೆ," ಎಂದು ಹಿಂದಿನಿಂದ ಒಬ್ಬ ಬೆಂಕಿಗೆ ತುಪ್ಪ ಸುರಿದ.

ತಿಮ್ಮರಾಯಪ್ಪನಿಗೆ ಇನ್ನೂ ಏನೂ ತಿಳಿದಿರಲಿಲ್ಲ. "ಏನ್ ಹೊಳೀತೈತ್ರಪ್ಪ ನನ್ನ ಕುರಿಯಾಗೆ? ನಾನೂ ಒಂದಿಷ್ಟ್ ನೋಡ್ತೀನಿ ತಡೀರಿ," ಎಂದು ಬಗ್ಗಿ, ಟಾರ್ಚು ಈಸಿಕೊಂಡು ಕಂಬಳಿಯೊಳಗೆ ಹೋದ. ಒಳಗಿನಿಂದ ಅವನ ದನಿ ಕೇಳಿಸಿತು. "ಅಯ್ಯೋ ನನ್ನ ಶಿವನೇ. ಲೇ ಕಾಳಿ, ಬಾರೇ ಇಲ್ಲಿ, ಹಬ್ಬದ ದೀಪ ಹಚ್ಚಿದಂಗೈತೆ ಕಣೇ!"

ಈಗ ಕೇಳಬೇಕು ಎಂದು ಕಾವ್ಯಶ್ರೀ ಬಾಯಿ ತೆರೆದಳು. ಅಷ್ಟರಲ್ಲಿ ರಂಗೇಶ್ ಕಂಬಳಿಯ ಎರಡು ಮೂಲೆ ಹಿಡಿದು ಮುದುಕನ ತಲೆಯ ಮೇಲೆ ಬಿಗಿಯಾಗಿ ಎಳೆದು ಕೆಡವಿದ. ಮೊದಲ ಏಟು ಹನುಮೇಶನದು. ಒದ್ದೆ ಉಣ್ಣೆಯನ್ನು ಬಂಡೆಗೆ ಬಡಿದ ಹಾಗೆ ಸದ್ದಾಯಿತು. ಆಮೇಲಿನ ಏಟುಗಳು ಯಾರು ಯಾರವೆಂದು ಹೇಳುವ ಹಾಗಿರಲಿಲ್ಲ. ಕುರಿಯೂ ಮನುಷ್ಯನೂ ಒಂದೇ ಕಂಬಳಿಯಲ್ಲಿ ಸಿಕ್ಕಿಬಿದ್ದು ಒದ್ದಾಡಿದರು. ಒಂದು ಕೋಲು ಮುರಿಯಿತು. ಮುರಿದವನು ಕಲ್ಲು ತೆಗೆದುಕೊಂಡ. ಸಂಬಂಧವೇ ಇಲ್ಲದ ಸಂತೆಯ ಜನ, ಅಂಗಿ ತೋಳು ಮಡಚಿಕೊಂಡು ಬಂದು ಒಂದೊಂದು ಒದೆ ಕೊಟ್ಟು ಹೋಗುತ್ತಿದ್ದರು.

ಕಾಳಕ್ಕ ರಂಗೇಶನ ಕಾಲು ಕಚ್ಚಿಹಿಡಿದಳು. ಯಾರೋ ಅವಳ ಜುಟ್ಟು ಹಿಡಿದು ಎಳೆದು ಬೇವಿನ ಬುಡಕ್ಕೆ ಎಸೆದರು. ಕಂಬಳಿಯ ಕೆಳಗಿನಿಂದ ಒಂದು ಕೈ ಹೊರಗೆ ಬಂದು ಮಣ್ಣನ್ನು ತಡಕಾಡಿತು. ಹನುಮೇಶ್ ಬೂಟುಗಾಲಲ್ಲಿ ಅದನ್ನು ತುಳಿದು ಹೊಸೆದ. ಬೆರಳು ಮುರಿದ ಸದ್ದು ಕಾವ್ಯಶ್ರೀಗೆ ಕೇಳಿಸಿತು. ಲ್ಯಾಬಿನಲ್ಲಿ ತೆಳು ಗಾಜಿನ ಕೊಳವೆ ಮುರಿದಾಗಲೂ ಅಷ್ಟೇ ಸಣ್ಣ ಸದ್ದು.

"ದಾಸಣ್ಣನ ತೋಟದಾಗೆ ಮಂದೆ ಹಾಕಿದ್ರಾ? ಹೇಳ್ರಿ, ದಾಸಣ್ಣನ ತೋಟ!" ಎಂದು ಅವಳು ಕಿರುಚಿದಳು.

ಕೆಳಗೆ ಬಿದ್ದಿದ್ದ ಕಾಳಕ್ಕ ಒಬ್ಬಳಿಗೇ ಅದು ಕೇಳಿಸಿದ್ದು. "ಹಾಕಿದ್ವಿ ಕಣವ್ವ, ಎಂಟು ದಿನ ಹಾಕಿದ್ವಿ! ಬಿಡ್ಸವ್ವ, ನಿನ್ ಕಾಲಿಗೆ ಬೀಳ್ತೀನಿ!"

ಮಾತು ಆಡಿದರೆ ಹೋಯಿತು ಎನ್ನುತ್ತಾರೆ ಹಿರಿಯರು. ಕಾವ್ಯಶ್ರೀ ರಂಗೇಶನ ರಟ್ಟೆ ಹಿಡಿದು ಜಗ್ಗಿದಳು, ಅವನು ಕೊಡವಿಕೊಂಡ. ಹನುಮೇಶನ ಎದೆಗೆ ತಲೆಯಿಂದ ಗುದ್ದಿದಳು, ಅವನು ತಳ್ಳಿದ. ಬೇರೆ ದಾರಿ ಕಾಣದೆ ನೆಲಕ್ಕೆ ಬಿದ್ದು ತೆವಳಿಕೊಂಡು ಕಂಬಳಿಯೊಳಕ್ಕೇ ನುಗ್ಗಿದಳು. ಬೆನ್ನಿಗೆ ಎರಡು ಏಟು ಬಿದ್ದವು, ಮೂರನೆಯದು ಭುಜಕ್ಕೆ. ಒಳಗೆ ಟಾರ್ಚು ಇನ್ನೂ ಉರಿಯುತ್ತಿತ್ತು. ಆ ಬೆಳಕಿನಲ್ಲಿ ರಕ್ತ ಕೆಂಪಗಿರುವುದಿಲ್ಲ, ಡಾಂಬರಿನ ಹಾಗೆ ಕಪ್ಪು. ತಿಮ್ಮರಾಯಪ್ಪನ ಮುಖದ ಎಡ ಅರ್ಧ ಪೂರ್ತಿ ಕಪ್ಪಾಗಿತ್ತು, ಅದರಲ್ಲಿ ಕಣ್ಣು ಎಲ್ಲಿದೆಯೆಂದು ತಿಳಿಯಲಿಲ್ಲ. ಹೊಡೆಯುವವರಲ್ಲಿ ಇವಳೂ ಒಬ್ಬಳೆಂದುಕೊಂಡು ಅವನು ಅವಳ ಮುಂಗೈಯನ್ನು ಬಾಯಿಗೆ ಸೆಳೆದು ಕಚ್ಚಿದ. ಹಲ್ಲು ಮಾಂಸಕ್ಕೆ ಇಳಿಯಿತು. ಅವಳು ಬಿಡಿಸಿಕೊಳ್ಳಲಿಲ್ಲ, ಅವನ ಮೈಮೇಲೆ ಬೋರಲು ಮಲಗಿದಳು.

"ಲೇ ನಿಲ್ಸ್ರೋ! ಹುಡ್ಗಿ ಒಳಗವ್ಳೆ!" ಎಂದು ಯಾರೋ ಕೂಗಿದರು. ಏಟು ನಿಂತವು.

ಕಾವ್ಯಶ್ರೀ ಕಂಬಳಿ ಎತ್ತಿಕೊಂಡು ಎದ್ದಳು. ಅದೇ ಕಂಬಳಿಯನ್ನು ಅಣ್ಣನ ತಲೆಯ ಮೇಲೆ ಹಾಕಿ, ತಾನೂ ಒಳಗೆ ಸೇರಿ, ಟಾರ್ಚನ್ನು ಅವನ ಕೈಗಳ ಮೇಲೆ ಹಿಡಿದಳು.

ರಂಗೇಶನ ಅಂಗೈ ಬೆಳಗಿತು. ಗೆರೆ ಗೆರೆಯೂ, ಉಗುರಿನ ಸಂದೂ ಬೆಳಗಿತು. ನಲವತ್ತು ದಿನ ತೊಳೆದ ಕೈ, ದಿನವೂ ಕುರಿ ಮುಟ್ಟಿದ ಕೈ. ಅದರ ಮೇಲೆ ತಿಮ್ಮರಾಯಪ್ಪನ ರಕ್ತ ಕಪ್ಪಗೆ ಚೆಲ್ಲಿತ್ತು.

"ನೋಡ್ಕ. ನೀನೂ ಕಳ್ಳ, ನಾನೂ ಕಳ್ಳಿ," ಎಂದು ತನ್ನ ಅಂಗೈಯನ್ನೂ ಪಕ್ಕದಲ್ಲಿ ಹಿಡಿದಳು. "ಮುಟ್ಟಿದ್ರೆ ಹತ್ತುತ್ತೆ ಅಣ್ಣ. ಅವರ ಕುರೀಗೆ ದಾಸಣ್ಣನ ಬಲೆಯಿಂದ ಹತ್ತೈತೆ. ಕಿವಿ ಹಿಂದೆ ಏನೂ ಇಲ್ಲ. ಬಲೆ ಅಚ್ಚೈತೆ, ಅಷ್ಟೇ."

ರಂಗೇಶ್ ಬಹಳ ಹೊತ್ತು ತನ್ನ ಕೈ ನೋಡಿದ. ಆಮೇಲೆ ಬಹಳ ಮೆಲ್ಲಗೆ ಕೇಳಿದ. "ನಿಂಗೆ ಯಾವಾಗ ಗೊತ್ತಾತು?"

ಅವಳು ಟಾರ್ಚು ಆರಿಸಿದಳು.

"ಮೊದ್ಲೇ ಗೊತ್ತಿತ್ತು. ಹೌದಾ? ಮೊದ್ಲು ನೋಡ್ದಾಗ್ಲೇ ಗೊತ್ತಿತ್ತು." ಅವನು ಕಂಬಳಿ ಕಿತ್ತು ಎಸೆದು, ಎಲ್ಲರ ಎದುರಿಗೆ ಅವಳ ಕೆನ್ನೆಗೆ ಬಾರಿಸಿದ. ಬಿದ್ದವಳನ್ನು ಎತ್ತಿ ಇನ್ನೊಂದು ಬಾರಿಸಿದ. "ಅವಾಗ್ಲೇ ಯಾಕೆ ಬೊಗಳ್ಲಿಲ್ಲ? ನನ್ ಕೈಯಾಗೆ ಏನ್ ಮಾಡ್ಸಿಬಿಟ್ಟೆ! ಏನ್ ಮಾಡ್ಸಿಬಿಟ್ಟೆ ನನ್ ಕೈಯಾಗೆ!" ಎಂದು ಅಳುತ್ತಾ ಹೊಡೆದ. ಅವಳಿಗೆ ಆ ಏಟುಗಳು ಬೇಕಾಗಿದ್ದವು. ನಿಂತಾಗ ನಿರಾಸೆಯೇ ಆಯಿತು.

ಅಷ್ಟರಲ್ಲಿ ಸಂತೆ ಖಾಲಿಯಾಗಿತ್ತು. ಒಂದೊಂದು ಒದೆ ಕೊಟ್ಟವರು ಯಾವಾಗಲೋ ಬಸ್ಸು ಹತ್ತಿದ್ದರು. ಹನುಮೇಶ್ ಮತ್ತು ಹಟ್ಟಿಯ ಉಳಿದವರು ಬೈಕುಗಳ ಕಡೆ ಓಡಿದರು. ರಂಗೇಶನನ್ನೂ ಎಳೆದುಕೊಂಡು ಹೋದರು. ಬೇವಿನ ಮರದಡಿ ತಿಮ್ಮರಾಯಪ್ಪ ಮಗ್ಗುಲಾಗಿ ಬಿದ್ದಿದ್ದ. ಅವನ ಪಕ್ಕ, ಕಾಲು ಮುರಿದು ಹೊಟ್ಟೆ ಒಡೆದ ಆ ಕುರಿ ಇನ್ನೂ ಸಾಯದೆ ಕಿವಿ ಅಲ್ಲಾಡಿಸುತ್ತಿತ್ತು. ಒಬ್ಬ ಲಗೇಜ್ ಆಟೋದವನು ಮಾತ್ರ ಬೈದುಕೊಂಡೇ ಗಾಡಿ ಹಿಂದೆ ತಂದ. "ಎತ್ರವ್ವ, ಕಾಲ್ ಹಿಡ್ಕಳ್ರಿ. ಎಲ್ಲಾ ಮನುಷ್ಯರೇನ್ರೀ ನೀವು?" ಮುದುಕನನ್ನೂ ಹನ್ನೊಂದು ಕುರಿಗಳನ್ನೂ ಒಂದೇ ತೊಟ್ಟಿಯಲ್ಲಿ ತುಂಬಿ ಹೊಸದುರ್ಗದ ಆಸ್ಪತ್ರೆಗೆ ಬಿಟ್ಟ. ದಾರಿಯುದ್ದಕ್ಕೂ ಕಾಳಕ್ಕ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಮಾತಾಡು, ಮಾತಾಡ್ತಾ ಇರು," ಎಂದು ಒಂದೇ ಸಮನೆ ಹೇಳುತ್ತಿದ್ದಳು. ಕಾವ್ಯಶ್ರೀ ಎದುರಿಗೆ ಕುರಿಗಳ ನಡುವೆ ಕೂತಿದ್ದಳು.

ಡಾಕ್ಟರು ನೋಡಿ, ಎಡಗಣ್ಣು ಹೋಗಿದೆ, ಪಕ್ಕೆಲುಬು ಮೂರು ಮುರಿದಿವೆ, ಒಳಗೆ ರಕ್ತ ಕೂತಿದೆಯೋ ಏನೋ ಎಂದರು. ದುರ್ಗಕ್ಕೆ ಕಳಿಸಲು ಆಂಬುಲೆನ್ಸಿಗೆ ಹೇಳಿದರು. ಕಾವ್ಯಶ್ರೀ ಒಳಗೆ ಕಾಲಿಡಲು ಹೋದಾಗ ಕಾಳಕ್ಕ ಬಾಗಿಲಿಗೆ ಕೈ ಅಡ್ಡ ಹಿಡಿದಳು.

"ನೀನ್ ಒಳಗೆ ಬರಬ್ಯಾಡ. ಹೊರಗೆ ಕುರಿ ಅವೆ, ಹಿಡ್ಕ ಹೋಗು."

ಅವಳು ಆಸ್ಪತ್ರೆಯ ಅಂಗಳದಲ್ಲಿ ಕುರಿಗಳ ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು ಕೂತಳು. ಕಚ್ಚಿದ ಗಾಯಕ್ಕೆ ಹಗ್ಗ ಉಜ್ಜಿ ಉರಿಯುತ್ತಿತ್ತು. ಆಗ ಫೋನು ಬಂತು, ರಂಗೇಶನದು.

"ಬದುಕವ್ರಾ?"

"ಅವ್ರೆ. ಒಂದು ಕಣ್ಣು ಹೋತು."

"ಕಾವ್ಯ, ಪೋಲೀಸ್ನೋರು ಕೇಳ್ತಾರೆ. ಸಂತೆ ಜನ ಸೇರ್ಕಂಡು ಹೊಡೆದ್ರು, ಯಾರಂತ ಗೊತ್ತಿಲ್ಲ ಅನ್ನು. ಅಷ್ಟೇ ಅನ್ನು. ಅಪ್ಪನ್ನ ಯಾರವ್ವ ನೋಡ್ಕಳೋರು? ಇರೋ ಕುರಿ ಯಾರ್ ಕಾಯೋರು? ನಾನ್ ಒಳಗೆ ಹೋದ್ರೆ ಮನೆ ಮುಳುಗ್ತೈತೆ. ನೀನ್ ಒಂದ್ ಮಾತ್ ಅನ್ನದಿದ್ರೆ ಸಾಕು."

"ಅಣ್ಣ," ಎಂದಳು. ಇವಳನ್ನು ಹೈಸ್ಕೂಲಿಗೆ ಸೈಕಲ್ಲಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದವನು ಇವನೇ. ತಾನು ಓದು ಬಿಟ್ಟು ಕುರಿ ಹಿಂದೆ ಹೋಗಿ, ಇವಳನ್ನು ದುರ್ಗಕ್ಕೆ ಕಳಿಸಿದವನೂ ಇವನೇ. ಫೋನು ಆಫ್ ಮಾಡಿದಳು.

ಸ್ವಲ್ಪ ಹೊತ್ತಿಗೆ ಕಾನ್ಸ್‌ಟೇಬಲ್ ಒಬ್ಬ ಬಂದ, ವಯಸ್ಸಾದವನು. ಒಳಗೆ ಹೋಗಿ ಕಾಳಕ್ಕನನ್ನು ಮಾತಾಡಿಸಿ ಬಂದು ಕಟ್ಟೆಯ ಮೇಲೆ ಕೂತ. "ಆಯಮ್ಮಂಗೆ ಯಾರ ಹೆಸರೂ ಗೊತ್ತಿಲ್ಲ. ನೀವು ಅಲ್ಲೇ ಇದ್ರಂತೆ. ಯಾರಾದ್ರೂ ಗುರುತು ಸಿಕ್ರೇನಮ್ಮ, ಇಲ್ಲ ಸಂತೆ ಜನಾನಾ?" ಎಂದ. ಕೇಳಿದ ರೀತಿಯಲ್ಲೇ, ಸಂತೆ ಜನ ಎಂದು ಬರೆದುಕೊಂಡು ಎದ್ದು ಹೋಗುವ ಅವಸರವಿತ್ತು.

"ಗೊತ್ತು," ಎಂದಳು ಕಾವ್ಯಶ್ರೀ. "ಬರ್ಕಳ್ರಿ. ರಂಗೇಶ್, ತಂದೆ ಉಗ್ರಪ್ಪ. ಹನುಮೇಶ್." ಹಟ್ಟಿಯ ಇನ್ನಾರು ಜನರ ಹೆಸರನ್ನೂ ಒಂದೊಂದಾಗಿ ಹೇಳಿದಳು.

ಅವನು ಪೆನ್ನು ಎತ್ತಿ ಅವಳ ಊದಿದ ಕೆನ್ನೆ ನೋಡಿದ. "ಉಗ್ರಪ್ಪ ಅಂದ್ರೆ, ಕುರಿಗಳ್ಳರು ಹೊಡೆದ್ರಲ್ಲ, ಅವರೇನಾ? ಈ ರಂಗೇಶ್ ನಿಮಗೆ ಏನಾಗ್ಬೇಕು?"

"ಅಣ್ಣ."

"ಯೋಚ್ನೆ ಮಾಡಿ ಹೇಳ್ರಮ್ಮ. ಬರೆದ ಮೇಲೆ ಅಳಿಸೋಕಾಗಲ್ಲ."

"ಬರೀರಿ. ಎಲ್ಲರಿಗಿಂತ ಮೇಲೆ ನನ್ನ ಹೆಸ್ರು ಬರೀರಿ. ಕಾವ್ಯಶ್ರೀ. ಕದ್ದ ಕುರಿ ಅಲ್ಲ ಅಂತ ಗೊತ್ತಿದ್ದೂ ತೋರಿಸ್ಕೊಟ್ಟೋಳು ನಾನು."

ಮೇಲೆ ಜಾಗವಿರಲಿಲ್ಲ. ಕಾನ್ಸ್‌ಟೇಬಲ್ ಹಾಳೆಯನ್ನು ಅಡ್ಡ ತಿರುಗಿಸಿ ಅಂಚಿನಲ್ಲಿ ಬರೆದುಕೊಂಡ.

ಕಾಳಕ್ಕ ಬಾಗಿಲಿಗೆ ಬಂದು ನಿಂತಳು. ಸೀರೆಯ ಮೇಲಿನ ರಕ್ತ ಒಣಗಿ ಗಟ್ಟಿಯಾಗಿತ್ತು. ಕಾವ್ಯಶ್ರೀಯ ಕಡೆ ನೋಡಲಿಲ್ಲ. ಬೆರಳು ಮಡಚುತ್ತಾ ಕುರಿಗಳನ್ನು ಎಣಿಸಿದಳು. ಹನ್ನೊಂದಕ್ಕೆ ನಿಂತು, ಮತ್ತೆ ಮೊದಲಿನಿಂದ ಎಣಿಸತೊಡಗಿದಳು.